‘ಆ ಊರು ಅಂಥವರಿಗೆ ಛಲೋ ಅಂತಲ್ರೀ ಅಕ್ಕಾ?’

ಕಳೆದ ಸಂಕ್ರಾಂತಿಗೆ ಕಲಬುರಗಿಗೆ ಹೋಗಿದ್ದೆ. ಭೋಗಿಯ ಸಜ್ಜಿ ರೊಟ್ಟಿ ಇನ್ನೂ ಬುಟ್ಟಿಯಲ್ಲಿದ್ದವು. ಯಾದಗಿರಿ ಜಿಲ್ಲೆಯ ಒಬ್ಬ ಹುಡುಗಿ, ನರ್ಸಿಂಗ್ ಮುಗಿಸಿ ಮ್ಯಾಂಚೆಸ್ಟರಿನ ಕಡೆ ನೌಕರಿ ಸಿಕ್ಕಾಕಿ, ತನ್ನವ್ವನ ಜೊತೆ ನಮ್ಮ ಮನೆಗೆ ಬಂದಳು. ಥಂಡಿಗೆ ಎಂಥ ಕೋಟು ಬೇಕು, ಜೋಳದ ಹಿಟ್ಟು ಎಷ್ಟು ಒಯ್ಯಬೇಕು, ಮೊದಲ ಪಗಾರ ಬರುವ ತನಕ ಕೈಯಲ್ಲಿ ಎಷ್ಟು ಪೌಂಡ್ ಇರಬೇಕು ಎಂದು ಒಂದು ತಾಸು ಮಾತಾಡಿದೆವು. ಅವರವ್ವ ನಮ್ಮವ್ವನ ಹಿಂದೆ ಅಡಿಗೆಮನೆಗೆ ಹೋದದ್ದೇ ತಡ, ಹುಡುಗಿ ದನಿ ಸಣ್ಣದು ಮಾಡಿ ಕೇಳಿದಳು: “ಆ ಊರು ಅಂಥವರಿಗೆ ಛಲೋ ಅಂತಲ್ರೀ ಅಕ್ಕಾ?”

ಅಂಥವರು ಅಂದರೆ ಯಾರು ಎಂದು ನಾನು ಕೇಳಲಿಲ್ಲ. ಪತ್ರಿಕೆಯವರು ಸಲಿಂಗಿ ಎಂದು ಬರೆಯುತ್ತಾರೆ, ಕಾಲೇಜಿನ ಹುಡುಗರು ಗೇ, ಲೆಸ್ಬಿಯನ್ ಅನ್ನುತ್ತಾರೆ, ನಮ್ಮ ಮನೆಗಳಲ್ಲಿ ಮಾತ್ರ ಇವತ್ತಿಗೂ ‘ಅಂಥವರು’. ಇಪ್ಪತ್ತು ವರ್ಷದ ಹಿಂದೆ ಈ ಶಬ್ದವನ್ನು ನಾನೂ ಅಷ್ಟೇ ಸಣ್ಣ ದನಿಯಲ್ಲಿ ಆಡಿದ್ದೆ. “ಹೂಂ, ಛಲೋ ಅದ” ಅಂದೆ. ಅಷ್ಟರಲ್ಲಿ ಚಹಾ ಬಂತು, ಮಾತು ಸ್ವೆಟರಿಗೆ ಹೊರಳಿತು.

ಹೈದರಾಬಾದಿನಿಂದ ವಿಮಾನ ಹತ್ತಿದ ಮೇಲೆ ಆ ‘ಹೂಂ’ ನನ್ನನ್ನು ಕಾಡತೊಡಗಿತು. ಒಂದು ಊರಿಗೆ ಗೇ ಫ್ರೆಂಡ್ಲಿ ಎಂಬ ಹೆಸರಿದೆ ಎಂದು ಕೇಳಿ, ಆ ಹೆಸರನ್ನೇ ನಂಬಿ, ಯಾದಗಿರಿಯಿಂದ ಒಂದು ಸೂಟ್‌ಕೇಸ್ ಹಿಡಿದು ಬರುವ ಹುಡುಗಿಗೆ ಒಂದು ‘ಹೂಂ’ ಸಾಲದು. ಹೆಸರು ಹೇಗೆ ಬಂತು, ಅದು ಯಾವ ಓಣಿಯವರೆಗೆ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದೂ ಗೊತ್ತಿರಬೇಕು. ಆಕೆಗೆ, ಆಕೆಯ ಹಾಗೆ ಹೊರಟಿರುವ ಬೀದರ್, ಕಲಬುರಗಿ, ಯಾದಗಿರಿಯ ಮಕ್ಕಳಿಗೆ, ಅವರನ್ನು ಮೊದಲ ವಾರ ಮನೆಯಲ್ಲಿ ಇಟ್ಟುಕೊಳ್ಳುವ ನಮ್ಮವರಿಗೆ ಇದನ್ನು ಬರೆಯುತ್ತಿದ್ದೇನೆ.

ನಾನು ಬೆಳೆದದ್ದು ಕಲಬುರಗಿಯ ಎಂಎಸ್‌ಕೆ ಮಿಲ್ ಹತ್ತಿರದ ಓಣಿಯಲ್ಲಿ. ಮೆಹಬೂಬ್ ಶಾಹಿ ಕಲಬುರಗಿ ಮಿಲ್ ಎಂಬ ಪೂರ್ತಿ ಹೆಸರು ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಹತ್ತಿಯ ಗಿರಣಿ ನಿಂತು ಎಷ್ಟೋ ವರ್ಷಗಳಾದವು, ಆದರೂ ಆಟೋದವನಿಗೆ ‘ಮಿಲ್’ ಅಂದರೆ ಸಾಕು. 2004ರಲ್ಲಿ ನರ್ಸ್ ಆಗಿ ಇಂಗ್ಲೆಂಡಿಗೆ ಬಂದ ನಾನು ಈಗ ಇರುವುದೂ ಗಿರಣಿ ನಿಂತ ಊರಿನಲ್ಲೇ. ಹೆಬ್ಡನ್ ಬ್ರಿಡ್ಜ್ ಅದರ ಹೆಸರು. ಮ್ಯಾಂಚೆಸ್ಟರಿನಿಂದ ಲೀಡ್ಸ್ ಕಡೆ ಹೋಗುವ ರೈಲಿನಲ್ಲಿ ಮುಕ್ಕಾಲು ತಾಸಿನ ದಾರಿ, ಎರಡೂ ಕಡೆ ಗುಡ್ಡ, ನಡುವೆ ಕಾಲ್ಡರ್ ಹೊಳೆ. ಜಾಗವಿಲ್ಲದ್ದಕ್ಕೆ ಗುಡ್ಡದ ಮೈಗೆ ಮನೆಯ ಮೇಲೆ ಮನೆ ಕಟ್ಟಿದ್ದಾರೆ: ಕೆಳಗಿನ ಮನೆಯ ಬಾಗಿಲು ಒಂದು ಬೀದಿಗೆ, ಮೇಲಿನ ಮನೆಯ ಬಾಗಿಲು ಹಿಂದಿನ ಇನ್ನೊಂದು ಬೀದಿಗೆ. ಇಂಗ್ಲೆಂಡಿನಲ್ಲಿ ಹೆಣ್ಣನ್ನು ಪ್ರೀತಿಸುವ ಹೆಣ್ಣುಮಕ್ಕಳ ಊರು ಎಂದು ಯಾರನ್ನು ಕೇಳಿದರೂ ಮೊದಲು ಈ ಊರಿನ ಹೆಸರೇ ಹೇಳುತ್ತಾರೆ. ನನ್ನ ಸಂಗಾತಿ ಇಲ್ಲಿನ ಶಾಲೆಯೊಂದರಲ್ಲಿ ಟೀಚರು. 2012ರಲ್ಲಿ ನಾವಿಬ್ಬರೂ ಸಿವಿಲ್ ಪಾರ್ಟ್‌ನರ್‌ಶಿಪ್, ಅಂದರೆ ಮದುವೆಯಂಥದ್ದೇ ಕಾನೂನಿನ ಜೋಡಿ, ಎಂದು ನೋಂದಣಿ ಮಾಡಿಸಿದೆವು.

ಈ ಊರಿಗೆ ಆ ಹೆಸರು ಹೇಗೆ ಬಂತು? ಬಂದ ಹೊಸದರಲ್ಲಿ ನಾನು ಸುತ್ತಲಿನ ಹಿರಿಯ ಹೆಣ್ಣುಮಕ್ಕಳನ್ನು ಕೇಳುತ್ತಿದ್ದೆ. ಇಲ್ಲಿನ ಗಿರಣಿಗಳು ದಪ್ಪ ಹತ್ತಿ ಬಟ್ಟೆಗೂ ಪ್ಯಾಂಟುಗಳಿಗೂ ಹೆಸರಾಗಿದ್ದವು. ಒಂದೊಂದೇ ಗಿರಣಿ ನಿಂತವು, ದುಡಿಯುವ ಮಂದಿ ಬೇರೆ ಊರು ಹಿಡಿದರು, ಮನೆಗಳು ಖಾಲಿ ಬಿದ್ದವು. ಎಷ್ಟೋ ಮನೆಗಳನ್ನು ಕೆಡವಬೇಕು ಎಂಬ ಮಾತೂ ಇತ್ತು. 1970ರ ದಶಕದಲ್ಲಿ ಅಗ್ಗದ ಮನೆ ಹುಡುಕಿ ಚಿತ್ರ ಬರೆಯುವವರು, ಪದ ಕಟ್ಟುವವರು, ಊರಿನ ರಿವಾಜಿಗೆ ಒಗ್ಗದ ಹುಡುಗರು ಬಂದರು. ಅವರ ಹಿಂದೆ, ಗಂಡಸಿನ ಪಗಾರವಿಲ್ಲದೆ ಎರಡು ಹೆಣ್ಣಿನ ಪಗಾರದಲ್ಲಿ ಸಂಸಾರ ನಡೆಸಬೇಕಾದವರು ಬಂದರು. ಇಬ್ಬರು ಬಂದರೆ ಅವರ ಗೆಳತಿಯರು ನೋಡಲು ಬರುತ್ತಾರೆ. ನೋಡಲು ಬಂದವರಲ್ಲಿ ಒಬ್ಬಳು ಉಳಿಯುತ್ತಾಳೆ. ಮನೆ ಅಗ್ಗ, ಬಾಡಿಗೆ ಕೊಡುವಾಗ ‘ನಿಮ್ಮ ಯಜಮಾನರೆಲ್ಲಿ’ ಎಂದು ಯಾರೂ ಕೇಳುವುದಿಲ್ಲ ಎಂಬ ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಯಾವ ಸರ್ಕಾರವೂ ಯಾವ ಜಾಹೀರಾತೂ ಇದನ್ನು ಮಾಡಲಿಲ್ಲ.

ಇದನ್ನು ಕೇಳಿದಾಗ ನನಗೆ ನೆನಪಾದದ್ದು ಬಸವಕಲ್ಯಾಣ. ಹನ್ನೆರಡನೇ ಶತಮಾನದಲ್ಲಿ ಆ ಕಲ್ಯಾಣದ ಸುದ್ದಿ ಕಾಶ್ಮೀರದವರೆಗೆ ಮುಟ್ಟಿತು, ಮೋಳಿಗೆ ಮಾರಯ್ಯ ಅಲ್ಲಿಂದ ಬಂದು ಕಟ್ಟಿಗೆ ಹೊತ್ತು ಬದುಕಿದ ಎಂದು ಕೇಳುತ್ತ ಬೆಳೆದವರು ನಾವು. ಕಟ್ಟಿಗೆ ಹೊರುವವನಿಗೂ ಚಪ್ಪಲಿ ಹೊಲಿಯುವವನಿಗೂ ಕೂಡಲು ಜಾಗ ಸಿಕ್ಕಿದ ಮೇಲೆ ಆ ಸುದ್ದಿ ತಾನೇ ನಡೆದುಕೊಂಡು ಹೋಗುತ್ತದೆ. ಆ ಕಥೆಯ ಎರಡನೇ ಅರ್ಧಕ್ಕೆ ಆಮೇಲೆ ಬರುತ್ತೇನೆ.

ಮ್ಯಾಂಚೆಸ್ಟರಿನದು ಸ್ವಲ್ಪ ಬೇರೆ ಕಥೆ, ಮೊದಲ ಪಾಠ ಮಾತ್ರ ಅದೇ. ಅಲ್ಲಿ ರಾಚ್‌ಡೇಲ್ ಕಾಲುವೆಯ ದಂಡೆಗೆ ಕೆನಾಲ್ ಸ್ಟ್ರೀಟ್ ಇದೆ. ಹತ್ತಿಯ ವ್ಯಾಪಾರ ಇದ್ದಾಗ ದೋಣಿ, ಗೋದಾಮು, ಹಮಾಲರಿಂದ ತುಂಬಿದ್ದ ಜಾಗ. ವ್ಯಾಪಾರ ಹೋಯಿತು, ಬೀದಿ ಕತ್ತಲಾಯಿತು. ಊರಿಗೆ ಬೇಡವಾದ ಜಾಗಕ್ಕೆ ಊರಿಗೆ ಬೇಡವಾದವರು ಸಂಜೆ ಬಂದು ಸೇರತೊಡಗಿದರು. ಗಂಡಸರ ಸಲಿಂಗ ಪ್ರೇಮ ಇಂಗ್ಲೆಂಡಿನಲ್ಲಿ 1967ರವರೆಗೆ ಅಪರಾಧವಾಗಿತ್ತು. ಆ ವರ್ಷ ಕಾನೂನು ಸಡಿಲಾದ ಮೇಲೂ 21 ವರ್ಷ ದಾಟಿರಬೇಕು, ನಾಲ್ಕು ಗೋಡೆಯೊಳಗಿರಬೇಕು ಎಂಬ ಷರತ್ತುಗಳು ಉಳಿದವು. 1980ರ ದಶಕದ ಪೊಲೀಸರು ಆ ಬೀದಿಯ ಮೇಲೆ ದಾಳಿ ಮಾಡುತ್ತಲೇ ಇದ್ದರು. ಆಗಿನ ಬಾರುಗಳ ಕಿಟಕಿಗಳಿಗೆ ಕಪ್ಪು ಬಣ್ಣ, ಬಾಗಿಲಿಗೆ ಸಣ್ಣ ಕಿಂಡಿ.

1988ರಲ್ಲಿ ಸೆಕ್ಷನ್ 28 ಎಂಬ ಕಾನೂನು ಬಂತು. ಸ್ಥಳೀಯ ಆಡಳಿತಗಳು ಸಲಿಂಗ ಪ್ರೇಮಕ್ಕೆ ಪ್ರೋತ್ಸಾಹ ಕೊಡಕೂಡದು ಎಂದು ಅದು ಹೇಳಿತು. ನನ್ನ ಸಂಗಾತಿ ಆಗ ಶಾಲೆಯ ಹುಡುಗಿ. ಹತ್ತು ವರ್ಷ ಶಾಲೆ ಕಲಿತರೂ ಒಬ್ಬ ಟೀಚರ ಬಾಯಲ್ಲೂ ಆ ಶಬ್ದ ಕೇಳಲಿಲ್ಲ, ತಾನೊಬ್ಬಳೇ ಹೀಗೆ ಹುಟ್ಟಿದ್ದೇನೆ ಅಂದುಕೊಂಡಿದ್ದೆ ಎಂದು ಆಕೆ ಹೇಳುವಾಗ ನನಗೆ ನಮ್ಮ ಕಲಬುರಗಿಯ ಹಾಸ್ಟೆಲ್ ನೆನಪಾಗುತ್ತದೆ. ಆ ಕಾನೂನಿನ ವಿರುದ್ಧ 1988ರ ಫೆಬ್ರವರಿ 20ರಂದು ಮ್ಯಾಂಚೆಸ್ಟರಿನಲ್ಲಿ ಸುಮಾರು 20,000 ಮಂದಿ ಬೀದಿಗಿಳಿದರು. ಕಾನೂನು ಬಂದೇ ಬಂತು, ಇಂಗ್ಲೆಂಡಿನಲ್ಲಿ 2003ರವರೆಗೆ ಉಳಿಯಿತು. ಆದರೆ ಆ ದಿನ ಒಬ್ಬರ ಮುಖ ಒಬ್ಬರು ನೋಡಿದರು, ನಾವು ಇಷ್ಟು ಮಂದಿ ಇದ್ದೇವೆ ಎಂದು ಅವರಿಗೂ ಊರಿಗೂ ಗೊತ್ತಾಯಿತು.

ಎರಡು ವರ್ಷಕ್ಕೆ, 1990ರಲ್ಲಿ, ಕೆನಾಲ್ ಸ್ಟ್ರೀಟಿನಲ್ಲಿ ಮಾಂಟೊ ಎಂಬ ಬಾರ್ ಶುರುವಾಯಿತು. ಅದರ ಮುಂಭಾಗಕ್ಕೆ ದೊಡ್ಡ ದೊಡ್ಡ ಗಾಜು. ಒಳಗೆ ಕುಳಿತವರು ಬೀದಿಗೆ ಕಾಣುತ್ತಾರೆ, ಬೀದಿಯಲ್ಲಿ ಹೋಗುವವರು ಒಳಗಿನವರಿಗೆ ಕಾಣುತ್ತಾರೆ. ನನ್ನ ಮಟ್ಟಿಗೆ ಆ ಊರಿನ ಹೆಸರು ಹುಟ್ಟಿದ್ದು ಆ ಗಾಜಿನಲ್ಲಿ. ನಾನು ಕುಡಿಯುವವಳಲ್ಲ, ಬಾರ್ ಹೊಗಳುವ ಉಮೇದೂ ಇಲ್ಲ. ಆದರೆ ಮನೆಯ ಕಿಟಕಿಯ ಪರದೆ ಎಳೆದೇ ಗೆಳತಿಯ ಕೈ ಹಿಡಿದು ಅಭ್ಯಾಸವಿದ್ದ ನನಗೆ, ಬೀದಿಗೆ ಕಾಣುವ ಹಾಗೆ ಕುಳಿತು ಚಹಾ ಕುಡಿಯುವುದು ಎಷ್ಟು ದೊಡ್ಡದು ಎಂದು ಗೊತ್ತಿದೆ. ಆಮೇಲೆ 1999ರಲ್ಲಿ ಆ ಬೀದಿಯ ಮೇಲೆ ಒಂದು ಟಿವಿ ಧಾರಾವಾಹಿ ಬಂತು, ಹೆಸರು ದೇಶವೆಲ್ಲ ಹಬ್ಬಿತು. ಹಬ್ಬಿದ್ದಕ್ಕೆ ಬೆಲೆಯೂ ಇತ್ತು: ಮದುವೆಗೆ ಮುಂಚಿನ ಪಾರ್ಟಿ ಮಾಡುವ ಗುಂಪುಗಳು ಮೋಜು ನೋಡಲು ಬರತೊಡಗಿದವು. ಊರಿನವರಿಗೆ ಹೆಸರು, ಬಂದವರಿಗೆ ತಮಾಷೆ.

ಬೇರೆ ಊರುಗಳ ಹೆಸರಿನ ಬೇರು ಕೆದಕಿದರೆ ಹೆಚ್ಚು ಕಡೆ ಸಿಗುವುದು ಒಂದು ಪೆಟ್ಟು. ಸ್ಯಾನ್ ಫ್ರಾನ್ಸಿಸ್ಕೋ ನೋಡಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಸಲಿಂಗಿಗಳೆಂದು ಗೊತ್ತಾದವರನ್ನು ನೀಲಿ ಕಾಗದದ ಮೇಲೆ ಬಿಡುಗಡೆ ಪತ್ರ ಕೊಟ್ಟು ಹೊರಗೆ ಹಾಕುತ್ತಿತ್ತು. ಆ ನೀಲಿ ಕಾಗದ ಕಂಡವರು ನೌಕರಿ ಕೊಡುತ್ತಿರಲಿಲ್ಲ. ಹಡಗಿನಿಂದ ಆ ಬಂದರಿನಲ್ಲಿ ಇಳಿದ ಎಷ್ಟೋ ಹುಡುಗರು ಆ ಕಾಗದ ಹಿಡಿದು ಅವ್ವ ಅಪ್ಪನ ಮುಂದೆ ಹೋಗಿ ನಿಲ್ಲಲಾರದೆ ಅಲ್ಲೇ ಉಳಿದರು. 1964ರಲ್ಲಿ ಲೈಫ್ ಪತ್ರಿಕೆ ಆ ಊರನ್ನು ಸಲಿಂಗಿಗಳ ರಾಜಧಾನಿ ಎಂದು ಬರೆಯಿತು. ಹೊಗಳಲು ಬರೆದದ್ದಲ್ಲ ಅದು. ಆದರೆ ಯಾವುದೋ ಸಣ್ಣ ಊರಿನಲ್ಲಿ ಉಸಿರು ಕಟ್ಟಿ ಕುಳಿತಿದ್ದ ಹುಡುಗನಿಗೆ ಆ ಬರಹವೇ ವಿಳಾಸವಾಯಿತು. ಕ್ಯಾಸ್ಟ್ರೊ ಎಂಬ ಬಡಾವಣೆಯಿಂದ ಐರಿಷ್ ಕೂಲಿಕಾರ ಕುಟುಂಬಗಳು ಹೊರವಲಯಕ್ಕೆ ಹೋಗಿ ಮನೆಗಳು ಅಗ್ಗವಾದಾಗ ಇವರು ಬಂದು ಸೇರಿದರು. ಅದೇ ಬೀದಿಯಲ್ಲಿ ಕ್ಯಾಮೆರಾ ಅಂಗಡಿ ಇಟ್ಟಿದ್ದ ಹಾರ್ವೆ ಮಿಲ್ಕ್ 1977ರಲ್ಲಿ ನಗರದ ಆಡಳಿತ ಮಂಡಳಿಗೆ ಆರಿಸಿ ಬಂದರು. 1978ರ ನವೆಂಬರ್ 27ರಂದು ಮೇಯರ್ ಜಾರ್ಜ್ ಮಸ್ಕೋನಿಯವರ ಜೊತೆ ಅವರನ್ನೂ ಗುಂಡಿಟ್ಟು ಕೊಂದರು.

ಆ ಊರಿನ ಹೆಸರಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಮಾತ್ರ ಒಂದು ವಾರ್ಡು. 1983ರಲ್ಲಿ, ಏಡ್ಸ್ ಹೇಗೆ ಅಂಟುತ್ತದೆ ಎಂಬ ಹೆದರಿಕೆಯಲ್ಲಿ ರೋಗಿಯ ಊಟದ ತಾಟನ್ನು ಬಾಗಿಲ ಹೊರಗೇ ಇಟ್ಟು ಹೋಗುವ ಕಾಲದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಜನರಲ್ ಆಸ್ಪತ್ರೆಯಲ್ಲಿ 5ಬಿ ಎಂಬ ವಾರ್ಡ್ ತೆರೆದರು. ಅದನ್ನು ಕಟ್ಟಿದವರು ಕ್ಲಿಫ್ ಮಾರಿಸನ್ ಎಂಬ ನರ್ಸ್. ಅಲ್ಲಿಗೆ ಯಾರನ್ನೂ ಒತ್ತಾಯದಿಂದ ಹಾಕಲಿಲ್ಲ, ನರ್ಸುಗಳು ತಾವಾಗಿ ಬಂದರು. ರೋಗಿಯ ಕೈ ಹಿಡಿದರು, ಹಾಸಿಗೆಯ ಅಂಚಿಗೆ ಕುಳಿತರು, ರೋಗಿಯ ಸಂಗಾತಿಯನ್ನು ‘ನೀವು ರಕ್ತಸಂಬಂಧಿಯೇ’ ಎಂದು ತಡೆಯಲಿಲ್ಲ. ನಾನು ಮೊದಲ ಸಲ ಇದನ್ನು ಒಂದು ತರಬೇತಿಯಲ್ಲಿ ಕೇಳಿ ಅತ್ತೆ. ನನ್ನ ಕೆಲಸ ಇಂಥ ಹೆಸರನ್ನೂ ಕಟ್ಟಬಲ್ಲದು ಎಂದು ಅಲ್ಲಿಯವರೆಗೆ ಯಾರೂ ನನಗೆ ಹೇಳಿರಲಿಲ್ಲ. ಮ್ಯಾಂಚೆಸ್ಟರಿನಲ್ಲಿ ನಮ್ಮಂಥವರು ನಡೆಸುವ ಆಗಸ್ಟ್ ಮೆರವಣಿಗೆಯ ಬೇರೂ ಇಲ್ಲೇ ಇದೆ: ಏಡ್ಸ್ ಬಂದವರಿಗಾಗಿ ದುಡ್ಡು ಕೂಡಿಸಲು ಬೀದಿ ಬದಿ ಹಳೆ ಸಾಮಾನು ಇಟ್ಟು ಮಾರಿದವರಿಂದ ಅದು ಬೆಳೆಯಿತು. ಈಗ ಕುಣಿತ, ಬಣ್ಣ, ದೊಡ್ಡ ಕಂಪನಿಗಳ ಬ್ಯಾನರು ಕಾಣುತ್ತವೆ. ನೀವು ನೋಡಲು ಹೋದರೆ ಆ ಹಳೆ ಸಾಮಾನಿನ ಅಂಗಡಿಯನ್ನು ನೆನೆಯಿರಿ.

ಸಿಡ್ನಿಯ ಮಾರ್ಡಿ ಗ್ರಾ ಎಂಬ ಸಲಿಂಗಿಗಳ ಮೆರವಣಿಗೆ ಈಗ ಜಗತ್ತಿಗೇ ಗೊತ್ತು. 1978ರ ಜೂನ್ 24ರ ರಾತ್ರಿ ನಡೆದ ಮೊದಲ ಮೆರವಣಿಗೆಯಲ್ಲಿ 53 ಮಂದಿಯನ್ನು ಪೊಲೀಸರು ಹಿಡಿದರು. ಪತ್ರಿಕೆಯಲ್ಲಿ ಅವರ ಹೆಸರು, ವಿಳಾಸ, ಕೆಲಸ ಎಲ್ಲ ಅಚ್ಚಾಯಿತು. ನೌಕರಿ ಹೋದವರಿದ್ದಾರೆ, ಮನೆ ಕಳಕೊಂಡವರಿದ್ದಾರೆ. ಇವತ್ತು ನಮ್ಮ ರಾಯಚೂರು, ಕಲಬುರಗಿಯ ಹುಡುಗರು ಆ ಊರಿನಲ್ಲಿ ನಿರ್ಭಯವಾಗಿ ಇದ್ದೇವೆ ಅಂದರೆ ಆ 53 ಮಂದಿಯ ಸಾಲ ಅದರಲ್ಲಿದೆ.

ಬರ್ಲಿನ್ ಬೇರೆ ಪಾಠ ಕಲಿಸುತ್ತದೆ. ಬೀದರಿನ ಎಂಜಿನಿಯರಿಂಗ್ ಹುಡುಗರು ಈಗ ಜರ್ಮನಿಗೆ ಹೆಚ್ಚು ಹೋಗುತ್ತಾರೆ, ಓದಿನ ಫೀಸು ಕಡಿಮೆ ಎಂದು. ಮ್ಯಾಗ್ನಸ್ ಹಿರ್ಷ್‌ಫೆಲ್ಡ್ ಎಂಬ ಡಾಕ್ಟರು 1897ರಲ್ಲೇ ಅಲ್ಲಿ ಸಲಿಂಗಿಗಳ ಹಕ್ಕಿಗಾಗಿ ಸಮಿತಿ ಕಟ್ಟಿದರು, 1919ರಲ್ಲಿ ಒಂದು ಸಂಶೋಧನಾ ಸಂಸ್ಥೆ ತೆರೆದರು. ಜಗತ್ತಿನಲ್ಲಿ ಆ ಹೆಸರು ಆಗ ಬರ್ಲಿನ್ನಿಗೆ ಇದ್ದಷ್ಟು ಬೇರೆ ಊರಿಗಿರಲಿಲ್ಲ. 1933ರ ಮೇ 6ರಂದು ನಾಜಿಗಳ ಗುಂಪು ಆ ಸಂಸ್ಥೆಗೆ ನುಗ್ಗಿತು, ನಾಲ್ಕು ದಿನಕ್ಕೆ ಅಲ್ಲಿನ ಪುಸ್ತಕಗಳನ್ನು ಚೌಕದಲ್ಲಿ ಸುಟ್ಟರು. ಸಾವಿರಾರು ಗಂಡಸರು ಸಲಿಂಗಿ ಎಂಬ ಗುರುತಿಗೆ ಬಟ್ಟೆಯ ಮೇಲೆ ಗುಲಾಬಿ ತ್ರಿಕೋನ ಹೊತ್ತು ಯಾತನಾ ಶಿಬಿರಗಳಿಗೆ ಹೋದರು. ಯುದ್ಧ ಮುಗಿದ ಮೇಲೂ, ಗಂಡಸರ ಸಲಿಂಗ ಪ್ರೇಮವನ್ನು ಅಪರಾಧವೆಂದ 175ನೇ ಕಲಂ ಪೂರ್ತಿ ಅಳಿಯಲು 1994ರವರೆಗೆ ಕಾಯಬೇಕಾಯಿತು. ಹೆಸರು ಮರಳಿ ಬಂದದ್ದಕ್ಕೆ ವಿಚಿತ್ರ ಕಾರಣಗಳಿವೆ: ಗೋಡೆಯ ನಡುವಿನ ಪಶ್ಚಿಮ ಬರ್ಲಿನ್ನಿನಲ್ಲಿ ಇದ್ದವರಿಗೆ ಕಡ್ಡಾಯ ಸೈನ್ಯ ಸೇವೆ ಇರಲಿಲ್ಲ, ಬಾಡಿಗೆ ಅಗ್ಗ, ಅಂಗಡಿ ಮುಚ್ಚುವ ಹೊತ್ತಿನ ಕಟ್ಟಳೆ ಬಾರುಗಳಿಗೆ ಇರಲಿಲ್ಲ. ಬಂದೂಕು ಹಿಡಿಯಲೊಲ್ಲದ ಹುಡುಗರೆಲ್ಲ ಅಲ್ಲಿಗೆ ಬಂದರು. 2001ರಲ್ಲಿ ಕ್ಲಾಸ್ ವೋವೆರೈಟ್ ‘ನಾನು ಸಲಿಂಗಿ’ ಎಂದು ತಾವೇ ಹೇಳಿಕೊಂಡು ಮೇಯರ್ ಆದರು. ಬರ್ಲಿನ್ನಿಗೆ ಹೋಗುವ ತಮ್ಮಂದಿರೇ, ಟಿಯರ್‌ಗಾರ್ಟನ್ ಉದ್ಯಾನದ ಅಂಚಿಗೆ 2008ರಲ್ಲಿ ಇಟ್ಟ ಸ್ಮಾರಕವೊಂದಿದೆ, ಸಿಮೆಂಟಿನ ಒಂಟಿ ದಿಮ್ಮಿ. ಊರಿನ ಸಂಜೆಯ ಬೀದಿಗಳನ್ನು ನೋಡುವ ಮೊದಲು ಅದನ್ನು ನೋಡಿ ಬನ್ನಿ.

ಕಾನೂನು ಎಲ್ಲಿ ಬರುತ್ತದೆ ಎಂದು ಕೇಳುತ್ತೀರಿ. ಸಾಮಾನ್ಯವಾಗಿ ಕೊನೆಗೆ. ಆಮ್‌ಸ್ಟರ್‌ಡ್ಯಾಮಿನಲ್ಲಿ ಸಲಿಂಗಿಗಳ ಸಂಘ 1946ರಲ್ಲೇ ಹುಟ್ಟಿತ್ತು, ಕಾಲುವೆ ದಂಡೆಯ ಗುಲಾಬಿ ಕಲ್ಲಿನ ಸ್ಮಾರಕ 1987ರದು. ಜಗತ್ತಿನ ಮೊದಲ ಕಾನೂನುಬದ್ಧ ಸಲಿಂಗ ಮದುವೆಗಳನ್ನು ಅಲ್ಲಿನ ಮೇಯರ್ ಮಾಡಿಸಿದ್ದು 2001ರ ಏಪ್ರಿಲ್ 1ರ ನಡುರಾತ್ರಿ. ನಡುವೆ ಐವತ್ತೈದು ವರ್ಷ. ಇಂಗ್ಲೆಂಡಿನಲ್ಲಿ ಮದುವೆ ಬಂದದ್ದು 2014ರ ಮಾರ್ಚ್‌ನಲ್ಲಿ, ಮಾಂಟೊದ ಗಾಜು ಹಾಕಿ 24 ವರ್ಷಕ್ಕೆ. ನಮ್ಮ ದೇಶದಲ್ಲಿ ಬ್ರಿಟಿಷರು 1860ರಲ್ಲಿ ಬರೆದ 377ನೇ ಕಲಂನಲ್ಲಿ ಸಲಿಂಗ ಪ್ರೇಮವನ್ನು ಅಪರಾಧವೆಂದ ಭಾಗವನ್ನು ಸುಪ್ರೀಂ ಕೋರ್ಟ್ ತೆಗೆದದ್ದು 2018ರ ಸೆಪ್ಟೆಂಬರ್ 6ರಂದು. ಆ ದಿನ ಡ್ಯೂಟಿಯಿಂದ ಬಂದು ಕಲಬುರಗಿಗೆ ಫೋನ್ ಹಚ್ಚಿದೆ. ನಮ್ಮವ್ವ, “ಟಿವ್ಯಾಗ ನೋಡ್ದೆ. ಇನ್ನ ಊರಿಗೆ ಬಂದ್ರ ಪೊಲೀಸ್ರು ಏನೂ ಅನ್ನಂಗಿಲ್ಲಲ್ಲ?” ಎಂದು ಕೇಳಿದಳು. ಅದುವರೆಗೂ ಅವಳ ಹೊಟ್ಟೆಯಲ್ಲಿ ಆ ಹೆದರಿಕೆ ಇತ್ತೆಂದು ನನಗೆ ಗೊತ್ತೇ ಇರಲಿಲ್ಲ. ಮದುವೆಯ ಹಕ್ಕು ನಮ್ಮಲ್ಲಿ ಇನ್ನೂ ಇಲ್ಲ. 2023ರ ಅಕ್ಟೋಬರ್ 17ರ ತೀರ್ಪು ಅದನ್ನು ಸಂಸತ್ತಿಗೆ ಬಿಟ್ಟಿತು.

ಈಗ ಹೆಸರು ಎಲ್ಲಿ ನಿಲ್ಲುತ್ತದೆ ಎಂಬ ಮಾತು. ಇದನ್ನು ತಾಳ್ಮೆಯಿಂದ ಓದಿರಿ.

ಹೆಚ್ಚು ಊರುಗಳ ಆ ಹೆಸರು ಗಂಡಸರ ಹೆಸರು. ಬಾರು, ಕ್ಲಬ್ಬು, ರಾತ್ರಿಯ ಬೀದಿ, ದುಡ್ಡು ಖರ್ಚು ಮಾಡುವವರು. ಹೆಣ್ಣುಮಕ್ಕಳ ವಿಷಯದಲ್ಲಿ ಇಂಗ್ಲೆಂಡಿನ ಕಾನೂನು ಬಾಯೇ ಬಿಡಲಿಲ್ಲ. 1921ರಲ್ಲಿ ಇದನ್ನೂ ಅಪರಾಧ ಮಾಡೋಣ ಎಂಬ ಪ್ರಸ್ತಾಪ ಸಂಸತ್ತಿಗೆ ಬಂದಾಗ ಮೇಲ್ಮನೆಯ ದೊಡ್ಡವರು ಬೇಡವೆಂದರು. ಕಾನೂನು ಮಾಡಿದರೆ ಇಂಥದ್ದೊಂದು ಇದೆ ಎಂದು ಹೆಂಗಸರಿಗೆ ಗೊತ್ತಾಗಿಬಿಡುತ್ತದೆ ಎಂಬುದು ಅವರ ಚಿಂತೆ! ಹಾಗಾಗಿ ಹೆಣ್ಣುಮಕ್ಕಳ ಜಾಗಗಳು ಸಣ್ಣ ಊರಿನಲ್ಲಿ, ಪುಸ್ತಕದ ಅಂಗಡಿಯಲ್ಲಿ, ಭಾನುವಾರದ ಗುಡ್ಡದ ನಡಿಗೆಯಲ್ಲಿ, ಹಾಡಿನ ಗುಂಪಿನಲ್ಲಿ ಬೆಳೆದವು. ಹುಡುಗಿಯರೇ, ದೊಡ್ಡ ಬೀದಿಗೆ ಹೋಗಿ ‘ಇಲ್ಲಿ ನನ್ನಂಥವರು ಯಾರೂ ಇಲ್ಲ’ ಎಂದು ತಿರುಗಿ ಬರಬೇಡಿ. ಹುಡುಕುವ ಜಾಗ ಬೇರೆ.

ಎರಡನೆಯದು ಮೈಬಣ್ಣ. ಗೇ ಫ್ರೆಂಡ್ಲಿ ಊರಿನಲ್ಲೂ ನಿಮ್ಮನ್ನು ಮೊದಲು ಕಂದು ಬಣ್ಣದವರೆಂದು ನೋಡುವವರಿದ್ದಾರೆ, ‘ನಿಮ್ಮ ದೇಶದಲ್ಲಿ ಇದೆಲ್ಲ ಇದೆಯೇ’ ಎಂದು ಕನಿಕರದಿಂದ ಕೇಳುವವರೂ ಇದ್ದಾರೆ. ನಮ್ಮ ನಾಡಿನಲ್ಲಿ ಜೋಗತಿಯರು ದೇವರ ಕೊಡ ಹೊತ್ತು ಕುಣಿದದ್ದು, ಮಂಜಮ್ಮ ಜೋಗತಿಯವರು ಜಾನಪದ ಅಕಾಡೆಮಿಯ ಅಧ್ಯಕ್ಷರಾದದ್ದು, 2021ರಲ್ಲಿ ಕರ್ನಾಟಕ ಸರ್ಕಾರ ಲಿಂಗತ್ವ ಅಲ್ಪಸಂಖ್ಯಾತರಿಗೆ ನೌಕರಿಯಲ್ಲಿ ಶೇ. 1 ಮೀಸಲು ಇಟ್ಟದ್ದು ಅವರಿಗೆ ಗೊತ್ತಿಲ್ಲ. ನೀವು ತಿಳಿದುಕೊಂಡು ಹೋಗಿ, ಕೇಳಿದಾಗ ತಲೆ ಎತ್ತಿ ಹೇಳಿ. ಕಲಬುರಗಿ ಸ್ಟೇಷನ್ನಿನಲ್ಲಿ ಚಪ್ಪಾಳೆ ತಟ್ಟಿ ಕೈ ಚಾಚುವವರಿಗೆ ಇನ್ನೂ ಬಾಡಿಗೆ ಮನೆ ಸಿಗುವುದಿಲ್ಲ ಎಂಬುದನ್ನೂ ಮರೆಮಾಚಬೇಡಿ.

ಮೂರನೆಯದು ಹೇಳಲು ನನಗೆ ಕಷ್ಟ. ಊರಿನ ಹೆಸರು ನಮ್ಮವರ ಮನೆಯ ಹೊಸ್ತಿಲಿಗೆ ನಿಲ್ಲುತ್ತದೆ. ಬಹಳ ವರ್ಷದ ಹಿಂದೆ ನಮ್ಮ ಕನ್ನಡದವರೇ ಸೇರಿ ಮಾಡಿದ ಒಂದು ರಾಜ್ಯೋತ್ಸವಕ್ಕೆ ನಾನು 60 ಮಂದಿಗೆ ಶೇಂಗಾ ಹೋಳಿಗೆ ಮಾಡಿಕೊಡಲು ಒಪ್ಪಿದ್ದೆ. ಎರಡು ದಿನ ಮುಂಚೆ ಫೋನ್ ಬಂತು: “ನೀವೊಬ್ರೇ ಬನ್ರೀ, ಹುಡ್ರು ಇರ್ತಾವ, ಕೇಳ್ತಾವ.” ಹೋಳಿಗೆ ಕಳಿಸಿದೆ, ನಾನು ಹೋಗಲಿಲ್ಲ. ಗಾಜಿನ ಕಿಟಕಿಯ ಊರಿನಲ್ಲಿ, ನನ್ನ ಭಾಷೆಯ ಮಂದಿ ನನಗೆ ಪರದೆ ಎಳೆದರು. ಆ ರಾತ್ರಿ ಬಿಜ್ಜಳನ ಕಲ್ಯಾಣದ ಎರಡನೇ ಅರ್ಧ ನೆನಪಾಯಿತು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆ ಆಯಿತೆಂದು ಆ ಇಬ್ಬರು ತಂದೆಯರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಿದರು. ಕಾಶ್ಮೀರದವರೆಗೆ ಹೆಸರಿದ್ದ ಊರಿಗೆ ಒಂದು ಮದುವೆ ಜೀರ್ಣವಾಗಲಿಲ್ಲ. ಅದನ್ನು ಹೇಳಿ ಕಣ್ಣೀರು ಹಾಕುವ ನಮ್ಮ ಮಂದಿಯೇ ಎರಡು ಹುಡುಗಿಯರು ಒಂದೇ ಪಂಕ್ತಿಯಲ್ಲಿ ಕೂಡುವುದನ್ನು ಸಹಿಸಲಾರರು ಅಂದರೆ ನನಗೆ ಸಿಟ್ಟು ಬರುತ್ತದೆ, ಇವತ್ತಿಗೂ.

ಎಲ್ಲರೂ ಹಾಗಲ್ಲ. ಮರುವರ್ಷ ಹುಮನಾಬಾದ್ ಕಡೆಯ ಒಬ್ಬ ಹಿರಿಯಾಕಿ ನಮ್ಮಿಬ್ಬರನ್ನೂ ಮನೆಗೆ ಕರೆದು, ನನ್ನ ಸಂಗಾತಿಯ ಹಣೆಗೂ ಕುಂಕುಮ ಹಚ್ಚಿ, ಇಬ್ಬರಿಗೂ ಒಂದೊಂದು ಕುಪ್ಪಸದ ಕಣ ಉಡಿಗೆ ಹಾಕಿದರು. ಒಂದು ಮಾತೂ ಕೇಳಲಿಲ್ಲ. ಆ ಮನೆಯಿಂದ ನಮ್ಮ ಪಾಲಿಗೆ ಕನ್ನಡದ ಬಾಗಿಲು ಮತ್ತೆ ತೆರೆಯಿತು.

ಗಲ್ಫಿಗೆ ಹೋಗುವವರಿಗೆ ಒಂದು ಮಾತು, ಬೀದರ್, ಕಲಬುರಗಿಯಿಂದ ದುಬೈ, ರಿಯಾದ್, ದೋಹಾಕ್ಕೆ ಹೋಗುವವರೇ ಹೆಚ್ಚು ಎಂದು ಗೊತ್ತಿದ್ದು ಹೇಳುತ್ತೇನೆ. ಯುಎಇ, ಸೌದಿ, ಕತಾರ್‌ನಲ್ಲಿ ಇದು ಕಾನೂನಿನಲ್ಲೇ ಅಪರಾಧ. ದುಬೈನ ಮಾಲ್ ನೋಡಿ ಊರು ಮುಂದುವರಿದಿದೆ, ಏನೂ ಆಗದು ಅಂದುಕೊಳ್ಳಬೇಡಿ. ಫೋನಿನಲ್ಲಿರುವ ಫೋಟೋ, ಡೇಟಿಂಗ್ ಆ್ಯಪ್, ಮೆಸೇಜು ಎಲ್ಲವೂ ಸಾಕ್ಷಿಯಾಗಬಹುದು. ವಿಮಾನ ಹತ್ತುವ ಮೊದಲೇ ತೆಗೆದುಬಿಡಿ. ಸಿಂಗಪುರ 2022ರಲ್ಲಿ ತನ್ನ ಹಳೆ ಕಾನೂನು ತೆಗೆಯಿತು, ಆದರೆ ಮದುವೆ ಗಂಡು ಹೆಣ್ಣಿಗೆ ಮಾತ್ರ ಎಂಬ ಕಾನೂನನ್ನು ಕೋರ್ಟು ಮುಟ್ಟದ ಹಾಗೆ ಅದೇ ಹೊತ್ತಿಗೆ ಸಂವಿಧಾನದಲ್ಲೇ ಭದ್ರ ಮಾಡಿತು. ತೈವಾನಿನಲ್ಲಿ 2019ರಿಂದ ಮದುವೆ ಇದೆ.

ಬ್ರಿಟನ್ನಿಗೆ ಸಂಗಾತಿಯನ್ನು ಕರೆಸಬೇಕೆನ್ನುವವರು ಈಗಿನಿಂದಲೇ ಕಾಗದ ಕೂಡಿಡಿ. ನಮ್ಮಲ್ಲಿ ಮದುವೆಯ ಸರ್ಟಿಫಿಕೇಟ್ ಸಿಗದ ಕಾರಣ, ಕನಿಷ್ಠ ಎರಡು ವರ್ಷದಿಂದ ಗಂಡಹೆಂಡಿರ ಹಾಗೆ ಸಂಬಂಧವಿದೆ ಎಂದು ತೋರಿಸಬೇಕಾಗುತ್ತದೆ. ಕೆನಡಾದವರು ಹನ್ನೆರಡು ತಿಂಗಳು ಒಂದೇ ಮನೆಯಲ್ಲಿ ಬಾಳಿದ್ದಕ್ಕೆ ಪುರಾವೆ ಕೇಳುತ್ತಾರೆ. ಕಲಬುರಗಿಯಲ್ಲಿ ಎರಡು ಹುಡುಗಿಯರು ರೂಮ್‌ಮೇಟ್ ಎಂದು ಬಾಡಿಗೆ ಹಿಡಿಯುವುದು ಸುಲಭ, ಕರಾರಿನಲ್ಲಿ ಎರಡೂ ಹೆಸರು ಹಾಕಿಸಿ ನೋಂದಾಯಿಸುವುದನ್ನು ಮರೆಯುತ್ತಾರೆ. ಮರೆಯಬೇಡಿ. ಜಂಟಿ ಬ್ಯಾಂಕ್ ಖಾತೆ, ರೈಲು ಟಿಕೆಟ್ಟು, ಒಂದೇ ವಿಳಾಸಕ್ಕೆ ಬಂದ ಬಿಲ್ಲು ಎಲ್ಲ ಇಟ್ಟುಕೊಳ್ಳಿ. ನಿಯಮಗಳು ವರ್ಷ ವರ್ಷ ಬದಲಾಗುತ್ತವೆ, ಅರ್ಜಿಗೆ ಮುಂಚೆ ಸರ್ಕಾರದ ಪುಟವನ್ನೇ ನೋಡಿ, ಏಜೆಂಟನ ಬಾಯಿಮಾತು ನಂಬಬೇಡಿ.

ಇಲ್ಲಿಗೆ ಬಂದ ಮೇಲೆ, 2010ರ ಸಮಾನತೆ ಕಾಯ್ದೆಯ ಪ್ರಕಾರ ನೌಕರಿಯಲ್ಲಾಗಲಿ ಬಾಡಿಗೆ ಮನೆಯಲ್ಲಾಗಲಿ ಈ ಕಾರಣಕ್ಕೆ ನಿಮ್ಮನ್ನು ಬೇರೆ ಮಾಡುವಂತಿಲ್ಲ. ಆಸ್ಪತ್ರೆಯಲ್ಲಿ ಕಾಮನಬಿಲ್ಲಿನ ಬ್ಯಾಡ್ಜ್ ಹಾಕಿದ ನರ್ಸ್ ಕಂಡರೆ ಆಕೆಯ ಹತ್ತಿರ ಬಿಚ್ಚಿ ಮಾತಾಡಬಹುದು, ನಾನೂ ಅದನ್ನು ಹಾಕುತ್ತೇನೆ. ಡಾಕ್ಟರಿಗೆ ಹೇಳಿದ್ದು ನಿಮ್ಮ ಮನೆಯವರಿಗೆ ಹೋಗುವುದಿಲ್ಲ, ಅವರೇ ಫೋನ್ ಮಾಡಿ ಕೇಳಿದರೂ. ಯಾರಾದರೂ ಕೈ ಮಾಡಿದರೆ ತುರ್ತು ನಂಬರು 999. ಒಬ್ಬರೇ ಅಳುತ್ತ ಕುಳಿತರೆ ನಮ್ಮಂಥವರಿಗಾಗಿ ಸ್ವಿಚ್‌ಬೋರ್ಡ್ ಎಂಬ ಸಹಾಯವಾಣಿ 1974ರಿಂದ ಇದೆ, ನಾನು 2005ರಲ್ಲಿ ಅವರಿಗೇ ಫೋನ್ ಹಚ್ಚಿ ಹತ್ತು ನಿಮಿಷ ಬರೀ ಅತ್ತಿದ್ದೆ. ಆ ಕಡೆಯವರು ಫೋನ್ ಇಡಲಿಲ್ಲ.

ಮನೆಯಲ್ಲಿ ಹೇಳಬೇಕೋ ಬೇಡವೋ? ಇದಕ್ಕೆ ನಾನು ಉಪದೇಶ ಮಾಡಲಾರೆ. ಪಗಾರ ನಿಮ್ಮ ಖಾತೆಗೆ ಬರುವ ತನಕ, ಪಾಸ್‌ಪೋರ್ಟು ನಿಮ್ಮ ಕೈಗೆ ಬರುವ ತನಕ ಅವಸರ ಮಾಡಬೇಡಿ ಎಂದಷ್ಟೇ ಹೇಳುತ್ತೇನೆ. ಊರಿಗೆ ಹೋದಾಗ ಹುಡುಗನ ಫೋಟೋ ತೋರಿಸುತ್ತಾರೆ, ಶರಣಬಸವೇಶ್ವರ ಗುಡಿಗೆ ಕರೆದೊಯ್ದು ಅಲ್ಲಿ ಹುಡುಗನ ಮನೆಯವರನ್ನು ಭೇಟಿ ಮಾಡಿಸುತ್ತಾರೆ, ಅವ್ವ ಊಟ ಬಿಡುತ್ತಾಳೆ. ಸುಮ್ಮನಿರಲಾರದೆ ಒಬ್ಬ ಮುಗ್ಧ ಹುಡುಗನನ್ನೋ ಹುಡುಗಿಯನ್ನೋ ಮದುವೆಯಾಗಿ ವೀಸಾ ಮಾಡಿಸಿ ಕರೆತಂದು ಇಬ್ಬರ ಬಾಳೂ ಹಾಳು ಮಾಡಿದವರನ್ನು ಇಲ್ಲಿ ನೋಡಿದ್ದೇನೆ. ಅದೊಂದನ್ನು ಮಾತ್ರ ಮಾಡಬೇಡಿ. ನಮ್ಮವ್ವನಿಗೆ ನಾನು ಇಡೀ ಮಾತು ಹೇಳಲು ಒಂಬತ್ತು ವರ್ಷ ತಗೊಂಡೆ. ಅವಳು ತನಗೆ ತಿಳಿದ ಶಬ್ದದಲ್ಲಿ, “ನಿನ್ನ ಗೆಳತಿ ಆರಾಮ ಅದಾಳಿಲ್ಲ? ಆಕಿ ಉಂಡ್ಲೇನು?” ಎಂದು ಕೇಳುತ್ತಾಳೆ. ಪ್ರತಿ ಫೋನಿನಲ್ಲೂ ಕೇಳುತ್ತಾಳೆ.

ಇಲ್ಲಿ ನೆಲೆಸಿರುವ ನಮ್ಮವರಿಗೂ ಹೇಳಬೇಕು. ನಿಮ್ಮ ಮನೆಗೆ ಮೊದಲ ವಾರ ಬಂದು ಉಳಿಯುವ ಹುಡುಗ ಹುಡುಗಿಯರಲ್ಲಿ ಇಂಥವರು ಇದ್ದೇ ಇರುತ್ತಾರೆ. ಅವರು ನಿಮಗೆ ಹೇಳುವುದಿಲ್ಲ. ಟಿವಿಯಲ್ಲಿ ಮೆರವಣಿಗೆ ಬಂದಾಗ ನೀವು ಆಡುವ ಮಾತು ಕೇಳಿಸಿಕೊಂಡು, ಊಟದ ತಾಟು ತೊಳೆದಿಟ್ಟು, ತಮ್ಮ ಕೋಣೆಗೆ ಹೋಗುತ್ತಾರೆ. ಮ್ಯಾಂಚೆಸ್ಟರ್ ಅವರಿಗೆ ಮೊದಲು ಸಿಗುವುದು ನಿಮ್ಮ ಆ ಅಡಿಗೆಮನೆಯಲ್ಲಿ.

ಯಾದಗಿರಿಯ ತಂಗಿ, ನಿನ್ನ ವಿಮಾನ ಮುಂದಿನ ತಿಂಗಳು ಎಂದು ಗೊತ್ತಾಯಿತು. ಜೋಳದ ಹಿಟ್ಟು ಎರಡು ಕೆಜಿ ಸಾಕು, ಮುಂದೆ ಬ್ರಾಡ್‌ಫರ್ಡಿನ ಅಂಗಡಿಯಲ್ಲಿ ಸಿಗುತ್ತದೆ. ಪುಂಡಿಪಲ್ಯ ಒಣಗಿಸಿ ತಾ, ಅದು ಇಲ್ಲಿ ಸಿಗುವುದಿಲ್ಲ. ಮೇಲಿನ ಬೀದಿಗೆ ತೆರೆಯುವ ನಮ್ಮ ಸಣ್ಣ ಕೋಣೆ ಖಾಲಿ ಇದೆ. ಕಿಟಕಿಗೆ ಪರದೆ ಹಾಕಿಸಿದ್ದೇನೆ, ಬೇಕೆಂದರೆ ಎಳೆದುಕೋ, ಬೇಡವೆಂದರೆ ಬಿಡು.